ಗಜ ಇಳಿಸಿ ನೋಡಿದ ಬಂದೂಕು

ನಮ್ಮ ಶಾಲೆಯ ಇತಿಹಾಸದ ಕಪಾಟಿಗೆ ಒಂದು ಹಳೆಯ ಚಕಮಕಿ ಬಂದೂಕು ಸಿಗುತ್ತದೆ ಎಂದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ನಾನೇ. ಧಾರವಾಡದಿಂದ ಕಿತ್ತೂರಿಗೆ ಹೋಗುವ ಹಾದಿಯ ಒಂದು ಹಳ್ಳಿ. ಅಲ್ಲಿಯ ಹಿರಿಯ ಗೌಡರೊಬ್ಬರು ವಾಡೆ ಕೆಡವಿ ಹೊಸ ಮನೆ ಕಟ್ಟುವವರಿದ್ದರು. 15,000 ರೂಪಾಯಿ ಕೇಳಿದ್ದರು. ಜೊತೆಗೆ ಒಂದು ಕರಾರು: ಬಂದೂಕಿನ ಕೆಳಗೆ ‘ರಾಣಿ ಚನ್ನಮ್ಮನ ಸೈನ್ಯದ್ದು’ ಎಂದು ಬರೆದು ಹಾಕಬೇಕು.

ನನಗೆ ಇತಿಹಾಸ ಗೊತ್ತು, ಬಂದೂಕು ಗೊತ್ತಿಲ್ಲ. ಆದ್ದರಿಂದ ಪೊಲೀಸ್ ಇಲಾಖೆಯಲ್ಲಿ ಬಂದೂಕು ರಿಪೇರಿ ಮಾಡಿ ನಿವೃತ್ತರಾದ ನನ್ನ ಹಳೆಯ ವಿದ್ಯಾರ್ಥಿಯ ತಂದೆಯನ್ನು ಕರೆದುಕೊಂಡು ಹೋದೆ.

ದೇವರ ಕೋಣೆಯಿಂದ ಬಂದೂಕು ಹೊರಗೆ ಬಂತು. ವರ್ಷ ವರ್ಷ ಖಂಡೇ ಪೂಜೆಗೆ ಹಚ್ಚಿದ ಅರಿಷಿಣ ಕುಂಕುಮ ಮರದ ಸಂದುಗಳಲ್ಲಿ ಗಟ್ಟಿಯಾಗಿ ಕೂತಿತ್ತು. ಗೌಡರ ಮೊಮ್ಮಗ ಅದನ್ನು ಹೆಗಲಿಗೇರಿಸಿ ನಮ್ಮ ಕಡೆಗೇ ಗುರಿ ಹಿಡಿದ. ನಾನು ನಕ್ಕೆ. ನಮ್ಮ ಜೊತೆಗಿದ್ದ ಯಜಮಾನರು ನಗಲಿಲ್ಲ. ಹುಡುಗನ ಕೈಯಿಂದ ಬಂದೂಕು ಇಸಕೊಂಡು, ಬಾಯಿಯನ್ನು ಯಾರೂ ಇಲ್ಲದ ಗೋಡೆಯ ಕಡೆಗೆ ತಿರುಗಿಸಿ, ನಳಿಕೆಯ ಕೆಳಗಿದ್ದ ಕಬ್ಬಿಣದ ಗಜ ಎಳೆದು ಮೆಲ್ಲಗೆ ಒಳಗೆ ಇಳಿಸಿದರು. ಅದು ನಿಂತಲ್ಲಿ ಬಾಯಿಯ ಮಟ್ಟಕ್ಕೆ ಸೀಸಕಡ್ಡಿಯಿಂದ ಗುರುತು ಮಾಡಿದರು. ಆಮೇಲೆ ಅದೇ ಗಜವನ್ನು ನಳಿಕೆಯ ಹೊರಮೈಗೆ ಹಚ್ಚಿ ಹಿಡಿದರು. ಅದರ ತುದಿ ಬೆಂಕಿ ಒಳಗೆ ಹೋಗುವ ಕಿವಿಯವರೆಗೆ ಬರಬೇಕಿತ್ತು. ನಾಲ್ಕು ಬೆರಳು ಮೊದಲೇ ನಿಂತುಬಿಟ್ಟಿತ್ತು.

“ಒಳಗ ಮದ್ದು, ಗುಂಡು ಐತ್ರಿ ಅಕ್ಕೋರ” ಎಂದರು.

ನನ್ನ ಕೈಕಾಲು ತಣ್ಣಗಾದವು. ಬಾಯಿಂದ ಮದ್ದು ತುಂಬುವ ಬಂದೂಕುಗಳಲ್ಲಿ ಇದು ಅಪರೂಪವಲ್ಲವಂತೆ. ತುಂಬುವುದು ಸುಲಭ, ಹಾರಿಸದೆ ತೆಗೆಯುವುದು ತ್ರಾಸು. ಹಾಗಾಗಿ ಮೂಲೆಗೆ ನಿಲ್ಲಿಸಿ ಮರೆತುಬಿಡುತ್ತಾರೆ. ನಾನು ನೀರು ಸುರಿಯೋಣವೇ ಎಂದೆ. ಕರಿಮದ್ದು ತೊಯ್ದರೆ ಆ ಹೊತ್ತಿಗೆ ಸುಮ್ಮನಿರುತ್ತದೆ, ಒಣಗಿದರೆ ಮತ್ತೆ ಹೊತ್ತಿಕೊಳ್ಳಬಹುದು ಎಂದರು. ಎಷ್ಟು ದಸರೆಗಳಲ್ಲಿ ಅದರ ಮುಂದೆ ಆರತಿ ಬೆಳಗಿದ್ದರೋ ಆ ಮನೆಯವರು!

ಇನ್ನು ಕುದುರೆಯನ್ನು ಮುಟ್ಟದೆಯೇ ನೋಡಬೇಕಾಯಿತು. ಚಕಮಕಿ ಬಂದೂಕಿನಲ್ಲಿ ಕುದುರೆಯ ದವಡೆ ಕಲ್ಲನ್ನು ಕಚ್ಚಿ ಹಿಡಿದಿರುತ್ತದೆ. ಅದು ಉಕ್ಕಿನ ತಗಡಿಗೆ ಬಡಿದು ಕಿಡಿ ಹಾರಿ, ಬಟ್ಟಲಿನ ರಂಜಕ ಹೊತ್ತಿ, ಕಿವಿಯ ಮೂಲಕ ಬೆಂಕಿ ಒಳಗೆ ಹೋಗುತ್ತದೆ. ಇದರಲ್ಲಿ ದವಡೆಯೂ ಇಲ್ಲ, ಬಟ್ಟಲೂ ಇಲ್ಲ. ಇದ್ದದ್ದು ಕೇಪು ಕೂರಿಸುವ ಗುಬುಟು. ಚನ್ನಮ್ಮನ ಕಾಲದಲ್ಲಿ ಸೈನ್ಯದ ಕೈಯಲ್ಲಿ ಕೇಪಿನ ಬಂದೂಕು ಇರಲಿಲ್ಲ. ಇಂಗ್ಲಿಷರ ಪಲ್ಟಣಗಳಿಗೇ ಅದು ಬಂದದ್ದು 1840ರ ಸುಮಾರಿಗೆ. ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಸತ್ತದ್ದು 1824ರ ಅಕ್ಟೋಬರ್ 23ರಂದು.

ಗೌಡರ ಮುಖ ಸಪ್ಪಗಾಯಿತು. ಆದರೆ ಯಜಮಾನರು ಭೂತಗನ್ನಡಿ ಹಿಡಿದು ಕೂತೇ ಇದ್ದರು. ಪಕ್ಕದ ತಗಡಿನ ಮೇಲೆ ತೂತು ಮುಚ್ಚಿ ಅರ ಹಾಕಿದ ಗುರುತುಗಳಿದ್ದವು. ಮೊದಲು ಅಲ್ಲಿ ಉಕ್ಕಿನ ತಗಡು, ಅದರ ಸ್ಪ್ರಿಂಗು ಕೂತಿದ್ದವು. ಅಂದರೆ ಹುಟ್ಟಿದ್ದು ಚಕಮಕಿಯಾಗಿಯೇ, ಆಮೇಲೆ ಯಾರೋ ಕೇಪಿಗೆ ಬದಲಿಸಿದ್ದಾರೆ. ಕುಂಕುಮ ಒರೆಸಿದಾಗ ಇನ್ನೊಂದು ಕಂಡಿತು: ಹಿಂಗಾಲ ಮೇಲೆ ನಿಂತು ಕಿರೀಟ ಹಿಡಿದ ಸಿಂಹ. ಈಸ್ಟ್ ಇಂಡಿಯಾ ಕಂಪನಿ 1808ರಿಂದ ತನ್ನ ಬಂದೂಕುಗಳಿಗೆ ಒತ್ತಿಸುತ್ತಿದ್ದ ಮುದ್ರೆ ಅದು. ನಳಿಕೆ 39 ಅಂಗುಲ, ಬಾಯಿ ಮುಕ್ಕಾಲು ಅಂಗುಲ; ಅದೂ ಕಂಪನಿ ಸಿಪಾಯಿಯ ಬಂದೂಕಿನ ಅಳತೆಯೇ.

ಅಂದರೆ 1824ರಲ್ಲಿ ಇದು ಕಿತ್ತೂರಿಗೆ ಬಂದಿದ್ದರೂ ಕೋಟೆಯ ಹೊರಗೆ ನಿಂತಿರುವ ಸಂಭವವೇ ಹೆಚ್ಚು. ಕಿತ್ತೂರಿನವರು ಕಸಿದುಕೊಂಡಿರಬಾರದೇಕೆ ಎಂದು ಗೌಡರು ಕೇಳಿದರು. ಕಸಿದಿರಬಹುದು, ಇಲ್ಲವೆನ್ನಲು ನಾನಾರು? ಆದರೆ 1857ರಲ್ಲಿ ಆಯುಧ ಒಪ್ಪಿಸಿರೆಂದು ಸರಕಾರ ಹೊರಟಾಗ, ಒಪ್ಪಿಸೆವು ಎಂದ ಮುಧೋಳ ಸೀಮೆಯ ಹಲಗಲಿಯ ಬೇಡರ ಊರನ್ನೇ ಸುಟ್ಟರು, ಹಿಡಿದವರನ್ನು ಗಲ್ಲಿಗೇರಿಸಿದರು. ಅಂಥ ಕಾಲದಲ್ಲಿ ಮಣ್ಣಲ್ಲಿ ಹುಗಿದಿಟ್ಟ ಬಂದೂಕಿಗೆ ಕಮ್ಮಾರನ ಮುಂದೆ ರಾಜಾರೋಷವಾಗಿ ಕೇಪು ಹಾಕಿಸುವವರಾರು? ಇದು ಪರವಾನಗಿ ಪಡೆದು ಬದುಕಿದ ಬಂದೂಕು. ಸರಕಾರ ನಂಬಿದ ಮನೆತನದ್ದು. ಇದನ್ನು ಗೌಡರ ಮುಂದೆ ಹೇಳಲು ನನಗೆ ನಾಲಿಗೆ ಏಳಲಿಲ್ಲ. ಅವರೇ ಹೇಳಿದರು: “ನಮ್ಮ ಮುತ್ತ್ಯಾನ ಕಾಲಕ್ಕ ಹಂದಿ ಹೊಡ್ಯಾಕ ಲೈಸನ್ಸ್ ಇತ್ತಂತ್ರಿ ಅಕ್ಕೋರ.”

ಈಗ ಆ ಕಾಗದವೂ ಇರಲಿಲ್ಲ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆ ಹಳೆಯ ಮಾದರಿಯ ಬಂದೂಕಿಗೆ ರಿಯಾಯಿತಿ ಕೊಟ್ಟಿದೆ, ಆದರೆ ಅದು ರಿಪೇರಿ ಮಾಡಿದರೂ ಹಾರದಂತಿರಬೇಕು. ಕೊಳ್ಳುವವನು ಸ್ಪ್ರಿಂಗು ಬಿಗಿಯಾಗಿರಲಿ, ನಳಿಕೆ ಗಟ್ಟಿಯಾಗಿರಲಿ ಎಂದು ಹರಸುತ್ತಾನೆ. ಕಾಯ್ದೆಗೆ ಬೇಕಾದದ್ದು ತದ್ವಿರುದ್ಧ. ಗುಂಡು ತುಂಬಿದ ಬಂದೂಕಿಗಂತೂ ಮಾತೇ ಇಲ್ಲ. ಕಪಾಟಿನ ಆಸೆ ಬಿಟ್ಟು, ಠಾಣೆಗೆ ಸುದ್ದಿ ಮುಟ್ಟಿಸೋಣ ಎಂದೆ.

ಪೊಲೀಸರು ಬರುವವರೆಗೆ ಅದನ್ನು ಗೋಡೆಗೆ ಬಾಯಿ ಮಾಡಿ ಮಲಗಿಸಿದ್ದೆವು. ಮೊಮ್ಮಗನನ್ನು ಹೊರಗೆ ಕಳಿಸಿದ್ದರು. ಗೌಡಶಾನಿ ಚಹಾ ತಂದವರು ಬಾಗಿಲಲ್ಲೇ ನಿಂತು, “ಈ ಸರ್ತಿ ಖಂಡೇ ಪೂಜಿಗೆ ಏನ ಇಡೂಣ್ರಿ?” ಎಂದು ಗಂಡನನ್ನು ಕೇಳಿದರು. ಗೌಡರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕುಡಗೋಲು ಅದಾವಲ್ಲ” ಎಂದರು.