ಇಲ್ಲದ ಕರ್ನಲ್ ಬರೆದ ಪತ್ರ



ಆದಿಕಾಂಡದ 27ನೇ ಅಧ್ಯಾಯ ನಿಮಗೆ ನೆನಪಿರಬಹುದು. ಕಣ್ಣು ಮಂಜಾಗಿದ್ದ ಇಸಾಕನ ಮುಂದೆ ಯಕೋಬನು ಅಣ್ಣನ ಬಟ್ಟೆ ತೊಟ್ಟು, ಕೈಗೆ ಆಡಿನ ಚರ್ಮ ಸುತ್ತಿಕೊಂಡು ನಿಂತ. ದನಿ ಕೇಳಿ ತಂದೆಗೆ ಅನುಮಾನ ಬಂತು. ಆದರೂ ಕೈ ಮುಟ್ಟಿ ನೋಡಿ ನಂಬಿಬಿಟ್ಟ. ಇನ್ನೊಬ್ಬರ ವೇಷದಲ್ಲಿ ಬಂದು ನಂಬಿಕೆಯನ್ನು ದೋಚುವ ಈ ಉಪಾಯಕ್ಕೆ ಇಂದು ‘ಫಿಶಿಂಗ್’ ಎನ್ನುತ್ತಾರೆ.

ಈ ಹೆಸರು ಹುಟ್ಟಿದ್ದು 1990ರ ದಶಕದಲ್ಲಿ. ಅಮೆರಿಕ ಆನ್‌ಲೈನ್ ಎಂಬ ಇಂಟರ್‌ನೆಟ್ ಸೇವೆಯ ಸಿಬ್ಬಂದಿಯಂತೆ ನಟಿಸಿ, ಕೆಲವರು ಗ್ರಾಹಕರ ಪಾಸ್‌ವರ್ಡ್‌ಗಳಿಗೆ ಗಾಳ ಹಾಕುತ್ತಿದ್ದರು.

2004ರಲ್ಲಿ ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿ ತನ್ನ ವಿದ್ಯಾರ್ಥಿಗಳನ್ನೇ ಪರೀಕ್ಷಿಸಿತು. ‘ನಿಮ್ಮ ಅಂಕಗಳಲ್ಲಿ ತೊಂದರೆಯಿದೆ, ಈ ಲಿಂಕ್ ಒತ್ತಿ’ ಎಂಬ ಅರ್ಥದ ಇಮೇಲ್ ಕರ್ನಲ್ ರಾಬರ್ಟ್ ಮೆಲ್ವಿಲ್ ಹೆಸರಿನಲ್ಲಿ 500ಕ್ಕೂ ಹೆಚ್ಚು ಮಂದಿಗೆ ಹೋಯಿತು. ಅಂಥ ಕರ್ನಲ್ ಅಲ್ಲಿ ಇರಲೇ ಇಲ್ಲ! ಆದರೂ ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿ ಲಿಂಕ್ ಒತ್ತಿದರು. ಮೇಲಧಿಕಾರಿಯ ಮಾತನ್ನು ಪ್ರಶ್ನಿಸದಿರುವುದೇ ಅವರ ಅಭ್ಯಾಸವಾಗಿತ್ತು.

ಮರುವರ್ಷ ಇಂಡಿಯಾನಾ ವಿಶ್ವವಿದ್ಯಾನಿಲಯದ ಪ್ರಯೋಗದಲ್ಲಿ, ಅಪರಿಚಿತರ ಹೆಸರಿನ ಸಂದೇಶಕ್ಕೆ ನೂರಕ್ಕೆ 16 ಮಂದಿ ಮೋಸಹೋದರೆ, ಗೆಳೆಯರ ಹೆಸರಿನದಕ್ಕೆ 72 ಮಂದಿ ಮೋಸಹೋದರು. ನಿಜ ತಿಳಿದಾಗ ಹಲವರು ಸಿಟ್ಟಾದರು. ಮೋಸಹೋದ ನಾಚಿಕೆ ಅಷ್ಟು ದೊಡ್ಡದು.

ನಮ್ಮ ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆಯು 2017ರಲ್ಲಿ ‘ಕೈಟ್’ ಆಯಿತು. 2018ರಲ್ಲಿ ಪ್ರೌಢಶಾಲೆಗಳಲ್ಲಿ ‘ಲಿಟಲ್ ಕೈಟ್ಸ್’ ಘಟಕಗಳು ಹುಟ್ಟಿದವು. 2022ರ ಮೇ ತಿಂಗಳಲ್ಲಿ ಈ ಘಟಕಗಳ ಮೂಲಕ ತಾಯಂದಿರಿಗೆ ಸೈಬರ್ ಸುರಕ್ಷತೆಯ ತರಬೇತಿ ನೀಡಲಾಯಿತು. ಅಮ್ಮಂದಿರು ಕಲಿಯುವವರಾದರು, ಮಕ್ಕಳು ಕಲಿಸುವವರಾದರು.

ಇದು ನಮಗೆ ಬೇಕಾದದ್ದೇ. ನಮ್ಮ ಕಾಸರಗೋಡಿನಲ್ಲಿ ಗಲ್ಫ್‌ನಲ್ಲಿ ದುಡಿಯುವವರಿರುವ ಕುಟುಂಬಗಳು ಹಲವು. ಮಗನ ಹೆಸರಿನಲ್ಲಿ ‘ತುರ್ತಾಗಿ ಹಣ ಬೇಕು’ ಎಂಬ ಸಂದೇಶ ಬಂದರೆ ಯಾವ ತಾಯಿಯ ಕೈ ತಡೆಯುತ್ತದೆ? ಅಂಥ ಹೊತ್ತಿನಲ್ಲಿ ಇಸಾಕನ ಅನುಮಾನಕ್ಕೆ ಬೆಲೆ ಕೊಡಬೇಕು. ದನಿ ಬೇರೆ ಅನ್ನಿಸಿದರೆ, ಮೊದಲಿನಿಂದ ನಮ್ಮಲ್ಲಿರುವ ನಂಬರಿಗೆ ಕರೆ ಮಾಡಿ ಕೇಳಬೇಕು.

ಶಾಲೆಯಲ್ಲಿ ಇಂಥ ಪರೀಕ್ಷೆ ನಡೆದು ಟೀಚರೋ ವಿದ್ಯಾರ್ಥಿಯೋ ಲಿಂಕ್ ಒತ್ತಿದರೆ ನಗಬೇಡಿ. ನಕ್ಕರೆ, ನಿಜವಾಗಿ ಮೋಸಹೋದ ದಿನ ಅವರು ಯಾರಿಗೂ ಹೇಳುವುದಿಲ್ಲ. ಮೋಸ ತಿಳಿದಾಗ ಇಸಾಕನು ಗಡಗಡ ನಡುಗಿದ, ಆದರೆ ಮುಚ್ಚಿಡಲಿಲ್ಲ. ಅವನು ಕೊಟ್ಟ ಆಶೀರ್ವಾದವನ್ನು ಹಿಂದೆ ಪಡೆಯಲಾಗಲಿಲ್ಲ. ನಮಗಾದರೋ 1930 ಸಹಾಯವಾಣಿ ಇದೆ. ತಡಮಾಡದೆ ಕರೆ ಮಾಡಿದರೆ ಹಣವನ್ನು ತಡೆಹಿಡಿಯುವ ಅವಕಾಶವಾದರೂ ಉಂಟು.

ಈ ಭಾನುವಾರ ಬಲಿಪೂಜೆ ಮುಗಿಸಿ ಮನೆಗೆ ಬಂದ ಮೇಲೆ, ಅಜ್ಜಿಯ ಮೊಬೈಲನ್ನು ಅವರ ಜೊತೆ ಕುಳಿತು ಒಮ್ಮೆ ನೋಡೋಣವೇ?