ಅಜ್ಜಿಯ ಹೆಸರು ಯಾವ ಕಡತದಲ್ಲಿದೆ?

ಸಾಮಾನ್ಯ ಹೆಂಗಸಿನ ಬದುಕು ದಾಖಲೆಗಳಲ್ಲಿ ಸುಲಭವಾಗಿ ಸಿಗದು. 1951-52ರ ಮೊದಲ ಮಹಾಚುನಾವಣೆಯಲ್ಲಿ ಸ್ವಂತ ಹೆಸರು ಹೇಳದೆ 'ಇಂಥವರ ಹೆಂಡತಿ', 'ಇಂಥವರ ತಾಯಿ' ಎಂದಷ್ಟೇ ಬರೆಸಿದ ದೇಶದ ಸುಮಾರು 28 ಲಕ್ಷ ಮಹಿಳೆಯರು ಮತದಾರರ ಪಟ್ಟಿಯಿಂದ ಹೊರಗುಳಿದರು.

ಕಾಸರಗೋಡಿನಲ್ಲಿ ಹುಡುಕುವವರಿಗೆ ಅಳಿಯಸಂತಾನ ಮನೆತನಗಳ ಪಾಲುಪತ್ರವೇ ದೊಡ್ಡ ಆಸರೆ. ಅಲ್ಲಿ ಕವರನ್ನು ಎಣಿಸುವುದು ಹೆಣ್ಣಿನಿಂದ. ಹಾಗಾಗಿ ಅಜ್ಜಿ, ಅವರ ಮಕ್ಕಳು, ಹೆಣ್ಣುಮಕ್ಕಳ ಮಕ್ಕಳು ಸಾಮಾನ್ಯವಾಗಿ ಹೆಸರು ಸಹಿತ ಬರುತ್ತಾರೆ.

ಪತ್ರ ಮನೆಯಲ್ಲಿಲ್ಲದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಚಾರಿಸಬೇಕು. 1908ರ ನೋಂದಣಿ ಕಾಯಿದೆಯಂತೆ ಅಲ್ಲಿನ ಒಂದನೇ ಸೂಚಿಯಲ್ಲಿ ಆಸ್ತಿಪತ್ರ ಬರೆದುಕೊಟ್ಟವರ, ಬರೆಸಿಕೊಂಡವರ ಹೆಸರುಗಳಿರುತ್ತವೆ. ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು.

1956ರ ನವೆಂಬರ್ 1ರ ತನಕ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಹಳೆಯ ಪತ್ರಗಳು ಅನೇಕ ಕನ್ನಡದಲ್ಲಿವೆ. ಆ ಕೈಬರಹ ಓದಬಲ್ಲ ಹಿರಿಯರು ಇರುವಾಗಲೇ ಹುಡುಕುವುದು ಒಳ್ಳೆಯದು.