ಹಗ್ಗದ ಮೇಲಣ ಬ್ಲಾಂಡಿನ್

ಚರಿತ್ರೆಯೆಂದೊಡನೆ ನಮ್ಮ ಮನಸ್ಸು ಅರಸರ ಕಡೆಗೂ ಯುದ್ಧಗಳ ಕಡೆಗೂ ಓಡುವುದು ವಾಡಿಕೆ. ಹೊಟ್ಟೆಪಾಡಿಗಾಗಿ ಹಗ್ಗದ ಮೇಲೆ ನಡೆದವರಿಗೆ ಆ ಗ್ರಂಥಗಳಲ್ಲಿ ಒಂದು ಪಂಕ್ತಿಯಷ್ಟು ಜಾಗವೂ ದೊರೆಯುವುದು ಅಪರೂಪ. ಆದರೂ ಜನರು ಯಾವುದಕ್ಕಾಗಿ ಕಾಸು ಬಿಚ್ಚುತ್ತಾರೆ, ಎಷ್ಟರ ಮಟ್ಟಿಗೆ ಇನ್ನೊಬ್ಬರ ಪ್ರಾಣವನ್ನು ವಿನೋದವಾಗಿ ಕಾಣುತ್ತಾರೆ ಎಂಬುದನ್ನು ತಿಳಿಯಬೇಕಾದರೆ ಅರಮನೆಯ ಕಡತಗಳಿಗಿಂತ ಇಂತಹವರ ಜೀವನವೇ ಹೆಚ್ಚು ಉಪಯುಕ್ತವೆಂದು ನಾವು ಭಾವಿಸುತ್ತೇವೆ. ಆದುದರಿಂದ ಈ ಸಂಜೆ ಬ್ಲಾಂಡಿನ್ ಎಂಬವನ ವಿಷಯವನ್ನು ಎತ್ತಿಕೊಂಡಿದ್ದೇವೆ.

ಆತನ ನಿಜವಾದ ಹೆಸರು ಜಾಂ ಫ್ರಾಂಸ್ವಾ ಗ್ರಾವಲೇ. 1824ರಲ್ಲಿ ಉತ್ತರ ಫ್ರಾನ್ಸಿನಲ್ಲಿ ಹುಟ್ಟಿದನು. ಐದನೆಯ ವಯಸ್ಸಿನಲ್ಲಿ, ಎಂದರೆ ನಮ್ಮಲ್ಲಿ ಮಗುವಿಗೆ ಅಕ್ಷರಾಭ್ಯಾಸ ಮಾಡಿಸುವ ವಯಸ್ಸಿನಲ್ಲಿ, ಲಿಯೋನ್ ಪಟ್ಟಣದ ಕಸರತ್ತಿನ ಶಾಲೆಗೆ ಸೇರಿ, ಕೆಲವು ತಿಂಗಳುಗಳೊಳಗಾಗಿಯೇ ಬಾಲಾದ್ಭುತನೆಂದು ಜನರ ಮುಂದೆ ನಿಂತನು. 1850ರ ದಶಕದಲ್ಲಿ ರಾವೆಲ್ ಕುಟುಂಬದವರ ಆಟದ ಮೇಳದೊಡನೆ ಅಮೇರಿಕಾಕ್ಕೆ ಹೋದನು. ಅಲ್ಲಿ ನಯಾಗರವನ್ನು ಕಂಡದ್ದೇ ಆತನ ಬಾಳಿನ ತಿರುವಾಯಿತು.

ಆತನು ಜಲಪಾತದ ಮೇಲೆಯೇ ನಡೆದನೆಂದು ಅನೇಕರು ನಂಬಿದ್ದಾರೆ. ವಾಸ್ತವವಾಗಿ ಹಗ್ಗವನ್ನು ಕಟ್ಟಿದುದು ಜಲಪಾತಕ್ಕಿಂತ ಕೆಳಗೆ, ನದಿಯು ಕಮರಿಯಲ್ಲಿ ಹರಿಯುವೆಡೆಯಲ್ಲಿ. ಇದರಿಂದ ಸಾಹಸವೇನೂ ಕಡಿಮೆಯಾಗುವುದಿಲ್ಲ. ಹಗ್ಗದ ಉದ್ದ ಸುಮಾರು 1,100 ಅಡಿ. ದಪ್ಪ 3 ಅಂಗುಲಕ್ಕಿಂತ ತುಸು ಹೆಚ್ಚು. ನೀರಿನಿಂದ ಎತ್ತರ ಸುಮಾರು 160 ಅಡಿ. ಇಷ್ಟು ಉದ್ದದ ಹಗ್ಗವನ್ನು ಎಷ್ಟೇ ಬಿಗಿದರೂ ನಡುವೆ ಜೋಲು ಬಿದ್ದೇ ಬೀಳುವುದು. ಆದಕಾರಣ ಆತನು ಮೊದಲು ಇಳಿಜಾರಿನಲ್ಲಿ ಇಳಿದು ಆಮೇಲೆ ಏರನ್ನು ಹತ್ತಬೇಕಾಗಿದ್ದಿತು. ಹಗ್ಗವು ತೂಗಾಡದಂತೆ ಎರಡು ದಡಗಳಿಂದಲೂ ಪಕ್ಕದ ಹಗ್ಗಗಳನ್ನು ಬಿಗಿದಿದ್ದರು. ನಟ್ಟನಡುವಿನ ಕೆಲವು ಮಾರುಗಳಿಗೆ ಮಾತ್ರ ಆ ಆಸರೆ ಮುಟ್ಟಲಿಲ್ಲ. 1859ರ ಜೂನ್ 30ರಂದು ಆತನು ಹೊರಟು, ನಡುವೆ ಕುಳಿತು, ಕೆಳಗಿದ್ದ ಹಡಗಿಗೆ ದಾರವನ್ನಿಳಿಸಿ ಒಂದು ಸೀಸೆಯನ್ನು ಮೇಲೆಳೆದುಕೊಂಡು ಕುಡಿದು, ಕೆನಡಾದ ದಡವನ್ನು ಸೇರಿದನು. ಬಲೆಯನ್ನು ಕಟ್ಟಿಸಿರಲಿಲ್ಲ.

ಆತನ ಕೈಯಲ್ಲಿದ್ದುದು ಒಂದು ಉದ್ದನೆಯ ಗಳೆ. ನಮ್ಮ ಊರುಗಳ ಬೀದಿಯಲ್ಲಿ ದೊಂಬರ ಹುಡುಗಿ ಹಿಡಿದು ನಡೆಯುವ ಬಿದಿರು ಗಳೆಗೂ ಅದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಗಳೆಯ ತೂಕವು ಎರಡು ಕಡೆಗೂ ದೂರಕ್ಕೆ ಹರಡಿರುವುದರಿಂದ ದೇಹವು ಒಂದು ಪಕ್ಕಕ್ಕೆ ವಾಲತೊಡಗಿದರೂ ಆ ವಾಲಿಕೆಯು ನಿಧಾನವಾಗುತ್ತದೆ; ಆ ಕ್ಷಣಕಾಲದ ಬಿಡುವಿನಲ್ಲಿ ನಡೆಯುವವನು ತನ್ನನ್ನು ತಿದ್ದಿಕೊಳ್ಳುತ್ತಾನೆ. ನೋಡುವವರು ಇದನ್ನು ಎದೆಗಾರಿಕೆ ಎನ್ನುತ್ತಾರೆ. ನಮಗಾದರೋ ಇದು ಹಗ್ಗ, ಗಂಟು, ಗೂಟ, ಪಾದ ಇವುಗಳ ವಿಷಯದಲ್ಲಿ ಬಹುಕಾಲದಿಂದ ರೂಢಿಸಿಕೊಂಡ ಜಾಗರೂಕತೆಯೆಂದೇ ತೋರುತ್ತದೆ. ಬ್ಲಾಂಡಿನ್ ಮಾರುತ್ತಿದ್ದುದು ಈ ಜಾಗರೂಕತೆಯನ್ನು. ಜನರು ಕೊಳ್ಳುತ್ತಿದ್ದುದು ಮಾತ್ರ ಅಪಾಯವನ್ನು.

ಈ ವ್ಯಾಪಾರದಲ್ಲಿ ಒಂದು ತೊಡಕುಂಟು. ಒಮ್ಮೆ ಕಂಡುದನ್ನು ಮತ್ತೊಮ್ಮೆ ಕಾಣಲು ಜನರು ಕಾಸು ಕೊಡರು. ಆದುದರಿಂದ ಆತನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆದನು. ತಳ್ಳುಗಾಡಿಯನ್ನು ತಳ್ಳಿಕೊಂಡು ನಡೆದನು. ಹಗ್ಗದ ಮೇಲೆ ಒಲೆಯನ್ನು ಹೂಡಿ ಮೊಟ್ಟೆಯ ದೋಸೆಯನ್ನು ಬೇಯಿಸಿದನು. 1859ರ ಆಗಸ್ಟಿನಲ್ಲಿ ತನ್ನ ವ್ಯವಸ್ಥಾಪಕನಾದ ಹ್ಯಾರಿ ಕಾಲ್‌ಕಾರ್ಡನನ್ನು ಬೆನ್ನ ಮೇಲೆ ಹೊತ್ತು ದಾಟಿದನು. ದಾರಿಯಲ್ಲಿ ಆಯಾಸವಾದಾಗಲೆಲ್ಲ ಕಾಲ್‌ಕಾರ್ಡನು ಬೆನ್ನಿನಿಂದಿಳಿದು ಹಗ್ಗದ ಮೇಲೆ ನಿಲ್ಲಬೇಕಾಯಿತಂತೆ. ಹೊತ್ತವನ ಕೀರ್ತಿಯನ್ನು ಲೋಕವು ಹಾಡಿತು. ಹೊರಿಸಿಕೊಂಡವನ ಧೈರ್ಯವೇ ದೊಡ್ಡದೆಂದು ನಾವು ಹೇಳುತ್ತೇವೆ; ಏಕೆಂದರೆ ಅವನ ಕೈಯಲ್ಲಿ ಗಳೆಯಿರಲಿಲ್ಲ.

ಅಲ್ಲಿಂದ ಬ್ಲಾಂಡಿನ್ ಇಂಗ್ಲೆಂಡಿಗೆ ಬಂದನು. 1861ರಲ್ಲಿ ಲಂಡನ್ನಿನ ಸ್ಫಟಿಕಭವನದಲ್ಲಿ ಎಳೆಯ ಮಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿ ಹಗ್ಗದ ಮೇಲೆ ನಡೆದನು. ಮಗುವು ಗುಲಾಬಿಯ ದಳಗಳನ್ನು ಕೆಳಗೆ ಚೆಲ್ಲಿತು. ಗೃಹಮಂತ್ರಿಯು ಮಗುವಿನ ಆಟವನ್ನು ನಿಲ್ಲಿಸಿಬಿಟ್ಟನು. ಸರ್ಕಾರವು ವಿನೋದದಲ್ಲಿ ಕೈಹಾಕಬಾರದೆಂಬ ವಾದವನ್ನು ನಾವೂ ಬಲ್ಲೆವು. ಆದರೆ ತನ್ನ ಪ್ರಾಣವನ್ನು ಪಣವೊಡ್ಡುವವನಿಗೆ ಮಗಳ ಪ್ರಾಣದ ಮೇಲೆ ಅದೇ ಅಧಿಕಾರವುಂಟೆಂದು ಯಾರು ಹೇಳಿಯಾರು?

ಡಬ್ಲಿನ್ ನಗರದಲ್ಲಿ 1860ರ ಸುಮಾರಿಗೆ ನಡೆದುದು ಇನ್ನೂ ಘೋರವಾದುದು. ಆತನ ಹಗ್ಗವು ತುಂಡಾಗಿ ಅಟ್ಟಣೆಯು ಕುಸಿಯಿತು. ಬ್ಲಾಂಡಿನ್ ಬದುಕಿಕೊಂಡನು, ಅಟ್ಟಣೆಯ ಮೇಲಿದ್ದ ಇಬ್ಬರು ಕೆಲಸಗಾರರು ಬಿದ್ದು ಸತ್ತರು. ಅವರನ್ನು ನೋಡುವುದಕ್ಕೆಂದು ಯಾರೂ ಅಲ್ಲಿಗೆ ಬಂದವರಲ್ಲ.

ಅಷ್ಟರಲ್ಲಿ ಬ್ಲಾಂಡಿನ್ ಎಂಬುದು ಒಬ್ಬನ ಹೆಸರಾಗಿ ಉಳಿಯದೆ ಕಸುಬಿನ ಹೆಸರೇ ಆಗಿಬಿಟ್ಟಿದ್ದಿತು. ಊರೂರಿನ ಜಾತ್ರೆಗಳಲ್ಲಿಯೂ ಉದ್ಯಾನಗಳಲ್ಲಿಯೂ ಅನುಕರಣ ಮಾಡುವವರು ತಲೆಯೆತ್ತಿದರು. ಅವರಲ್ಲಿ ಹೆಂಗಸರೂ ಇದ್ದರು. 1863ರ ಜುಲೈ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮಿನ ಆಸ್ಟನ್ ಉದ್ಯಾನದಲ್ಲಿ ಸೆಲೀನಾ ಪೊವೆಲ್ ಎಂಬಾಕೆ ಹಗ್ಗ ಹರಿದು ಬಿದ್ದು ಸತ್ತಳು. ಆಕೆ ಗರ್ಭಿಣಿ, ಹಗ್ಗ ಶಿಥಿಲವಾದುದು. ಆ ಉದ್ಯಾನವನ್ನು ಐದು ವರ್ಷಗಳ ಹಿಂದೆ, 1858ರಲ್ಲಿ, ಸ್ವತಃ ವಿಕ್ಟೋರಿಯಾ ರಾಣಿಯೇ ತೆರೆದಿದ್ದಳು. ರಾಣಿಯ ಕಡೆಯಿಂದ ಬರ್ಮಿಂಗ್‌ಹ್ಯಾಮಿನ ಮೇಯರಿಗೆ ಕಟುವಾದ ಕಾಗದವೊಂದು ಹೋಯಿತು: ಜನರ ಕೀಳು ಅಭಿರುಚಿಯನ್ನು ತೃಪ್ತಿಪಡಿಸುವುದಕ್ಕಾಗಿ ಒಬ್ಬ ಹೆಂಗಸು ಬಲಿಯಾದುದು ರಾಣಿಗೆ ಅಸಹ್ಯವೆಂದು ಅದರ ತಾತ್ಪರ್ಯ. ಸತ್ತವಳು ಬ್ಲಾಂಡಿನ್ನನ ಕಲೆಯನ್ನು ಹಿಡಿದಿರಬಹುದು. ಆತನಂತೆ ಒಳ್ಳೆಯ ಹಗ್ಗವನ್ನು ಕೊಳ್ಳುವ ಶಕ್ತಿ ಆಕೆಗೆಲ್ಲಿಂದ ಬರಬೇಕು? ಎದೆಗಾರಿಕೆಯನ್ನು ಮಾತ್ರ ಹೊಗಳುವ ಚರಿತ್ರಕಾರರು ಹಗ್ಗದ ಬೆಲೆಯನ್ನು ವಿಚಾರಿಸುವುದಿಲ್ಲ.

ಬ್ಲಾಂಡಿನ್ 1868ರಲ್ಲಿ ಬ್ರಿಟಿಷ್ ಪ್ರಜೆಯಾದನು. 1874ರಲ್ಲಿ ಆಸ್ಟ್ರೇಲಿಯಾದಲ್ಲಿ ಪ್ರದರ್ಶನಗಳನ್ನು ಕೊಟ್ಟನು. ಎಪ್ಪತ್ತು ದಾಟಿದ ಮೇಲೂ ಹಗ್ಗವನ್ನು ಬಿಡಲಿಲ್ಲ; ಕೊನೆಯ ಪ್ರದರ್ಶನವು 1896ರಲ್ಲಿ ಬೆಲ್‌ಫಾಸ್ಟಿನಲ್ಲಿ ನಡೆಯಿತು. ಮರುವರ್ಷದ ಫೆಬ್ರವರಿ 22ರಂದು, ಲಂಡನ್ನಿನ ಹತ್ತಿರದ ಈಲಿಂಗಿನಲ್ಲಿ, ‘ನಯಾಗರ’ ಎಂದು ಹೆಸರಿಟ್ಟುಕೊಂಡಿದ್ದ ತನ್ನ ಮನೆಯಲ್ಲಿ, ಸಿಹಿಮೂತ್ರ ರೋಗದಿಂದ ತೀರಿಕೊಂಡನು. ಆಗ ಆತನಿಗೆ 72 ವರ್ಷ.

ಸ್ಕಾಟ್ಲೆಂಡಿನಲ್ಲಿಯೂ ಉತ್ತರ ವೇಲ್ಸಿನಲ್ಲಿಯೂ ಕಲ್ಲುಗಣಿಗಳ ಮೇಲೆ ತಂತಿಹಗ್ಗವನ್ನು ಬಿಗಿದು, ಆಳದಿಂದ ಬಂಡೆಗಳನ್ನು ಮೇಲಕ್ಕೆ ಸಾಗಿಸುತ್ತಿದ್ದ ಯಂತ್ರಕ್ಕೆ ಅಲ್ಲಿಯ ಕೂಲಿಕಾರರು ಇಟ್ಟ ಹೆಸರು ಬ್ಲಾಂಡಿನ್.